ಭಾನುವಾರದ ಅಲ್ಲಾದೀನ್, ಪಾಠಪುಸ್ತಕದ ಅಲ್ಲಾವುದ್ದೀನ್

ಬೇಲೂರು, ಹಳೇಬೀಡು ಸೀಮೆಯಲ್ಲಿ ಬೆಳೆದ ನಮ್ಮಂಥವರಿಗೆ ಈ ಹೆಸರು ಎರಡು ಬಾಗಿಲುಗಳಿಂದ ಬಂದಿತು. ಒಂದು ಶಾಲೆಯ ಬಾಗಿಲು. ಅಲ್ಲಿ ಬಂದವನು ದೆಹಲಿಯ ಸುಲ್ತಾನ ಅಲ್ಲಾವುದ್ದೀನ್ ಖಿಲ್ಜಿ. ಅವನ ಸೇನಾಪತಿ ಮಲಿಕ್ ಕಾಫೂರ್ 1311ರಲ್ಲಿ ದ್ವಾರಸಮುದ್ರಕ್ಕೆ ದಂಡೆತ್ತಿ ಬಂದ. ಆ ದ್ವಾರಸಮುದ್ರವೇ ಬೇಲೂರಿಗೆ ಸುಮಾರು 16 ಕಿಲೋಮೀಟರ್ ದೂರದ ಇಂದಿನ ಹಳೇಬೀಡು. ಇನ್ನೊಂದು ದೂರದರ್ಶನದ ಬಾಗಿಲು. 1990ರ ದಶಕದ ಮಧ್ಯಭಾಗದ ಭಾನುವಾರಗಳಲ್ಲಿ ಅಲ್ಲಿಂದ ಹಾರುವ ಜಮಖಾನದ ಮೇಲೆ ಬಂದವನು ಡಿಸ್ನಿ ಕಂಪೆನಿಯ ಅಲ್ಲಾದೀನ್. ಹೆಸರು ಒಂದೇ. ಅರಬಿಯಲ್ಲಿ ಅದರ ಅರ್ಥ ಧರ್ಮದ ಔನ್ನತ್ಯ ಎಂದಾಗುತ್ತದೆ. ಕನ್ನಡದಲ್ಲಿ ನಾವು 'ಲ'ಕ್ಕೆ ಒತ್ತು ಕೊಟ್ಟು ಬರೆಯುವುದರಿಂದ ಅದಕ್ಕೂ 'ಅಲ್ಲಾಹ್' ಎಂಬುದಕ್ಕೂ ಸಂಬಂಧವಿದೆಯೆಂದು ಅನೇಕರು ತಿಳಿದಿದ್ದಾರೆ, ಅಂಥ ಸಂಬಂಧವೇನೂ ಇಲ್ಲ.

ಈ ಇಬ್ಬರಲ್ಲಿ ಒಬ್ಬ ಉಳಿದುಕೊಂಡ, ಇನ್ನೊಬ್ಬ ಮರೆಯಾದ. ಮರೆಯಾದವನ ಚರಿತ್ರೆಯನ್ನು ಇಲ್ಲಿ ಸ್ವಲ್ಪ ನೋಡೋಣ.

ಅಲ್ಲಾದೀನನ ಕಥೆ 'ಸಾವಿರದೊಂದು ರಾತ್ರಿಗಳು' ಸಂಕಲನದ ಹಳೆಯ ಅರಬಿ ಹಸ್ತಪ್ರತಿಗಳಲ್ಲಿ ಇಲ್ಲವೆಂದರೆ ಹಲವರಿಗೆ ಆಶ್ಚರ್ಯವಾದೀತು. ಸಿರಿಯಾದ ಅಲೆಪ್ಪೊ ನಗರದ ಹನ್ನಾ ದಿಯಾಬ್ ಎಂಬ ಮರೋನೈಟ್ ಕ್ರೈಸ್ತ ಯುವಕ 1709ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ವಿದ್ವಾಂಸ ಆಂತ್ವಾನ್ ಗಲಾನ್‌ನಿಗೆ ಈ ಕಥೆಯನ್ನು ಬಾಯಾರೆ ಹೇಳಿದ. ಗಲಾನ್ ಅದನ್ನು 1712ರಲ್ಲಿ ತನ್ನ ಫ್ರೆಂಚ್ ಸಂಪುಟಗಳಲ್ಲಿ ಸೇರಿಸಿದ, ಹೇಳಿದವನ ಹೆಸರನ್ನು ಮಾತ್ರ ಅಚ್ಚು ಹಾಕಿಸಲಿಲ್ಲ. ಅದು ಗಲಾನ್‌ನ ದಿನಚರಿಯಲ್ಲಿ ಅಡಗಿ ಕುಳಿತಿತ್ತು. ದಿಯಾಬ್ ಬರೆದ ಪ್ರವಾಸಕಥನದ ಹಸ್ತಪ್ರತಿ ವ್ಯಾಟಿಕನ್ ಗ್ರಂಥಾಲಯದಲ್ಲಿ ದೊರೆತು, ಅದರ ಫ್ರೆಂಚ್ ಅನುವಾದ 2015ರಲ್ಲಿ ಹೊರಬಂದ ಮೇಲೆಯೇ ಜಗತ್ತು ಅವನನ್ನು ಸರಿಯಾಗಿ ಗುರುತಿಸಿದ್ದು. ಆ ಕಥೆ ನಡೆಯುವುದು ಚೀನಾದಲ್ಲಿ! ಸಿರಿಯಾದ ಕ್ರೈಸ್ತನೊಬ್ಬ ಫ್ರಾನ್ಸಿನಲ್ಲಿ ಕುಳಿತು ಹೇಳಿದ, ಚೀನಾದ ದರ್ಜಿಯ ಮಗನಾದ ಮುಸ್ಲಿಮ್ ಹುಡುಗನ ಕಥೆ. ಇದು ಯಾರ ಸೊತ್ತು ಎಂದು ಜಗಳವಾಡುವುದು ಕಷ್ಟ.

ಡಿಸ್ನಿಯವರು ಇದನ್ನು ಚಲನಚಿತ್ರ ಮಾಡಿದ್ದು 1992ರ ನವೆಂಬರಿನಲ್ಲಿ. ಮೊದಲು ಕಥೆಯನ್ನು ಬಾಗ್ದಾದಿನಲ್ಲಿ ನಡೆಸುವ ಯೋಚನೆಯಿತ್ತು. ಆದರೆ ಅಷ್ಟರಲ್ಲಿ ಕೊಲ್ಲಿ ಯುದ್ಧ ನಡೆದು ಅಮೆರಿಕದ ಬಾಂಬುಗಳು ಅದೇ ಬಾಗ್ದಾದಿನ ಮೇಲೆ ಬಿದ್ದಿದ್ದವು. ಹೀಗಾಗಿ 'ಅಗ್ರಬಾ' ಎಂಬ ಕಾಲ್ಪನಿಕ ಊರು ಹುಟ್ಟಿತು. ಅಲ್ಲಿನ ಸುಲ್ತಾನನ ಅರಮನೆ ನೋಡಿದರೆ ನಮ್ಮ ತಾಜಮಹಲು ನೆನಪಾಗುತ್ತದೆ. ಚಿತ್ರ ಜಗತ್ತಿನಾದ್ಯಂತ 50 ಕೋಟಿ ಡಾಲರಿಗೂ ಹೆಚ್ಚು ಗಳಿಸಿ ಆ ವರ್ಷದ ಅತಿದೊಡ್ಡ ಯಶಸ್ಸೆನಿಸಿತು.

ಜನ ಮೆಚ್ಚಿದರು ನಿಜ. ಆದರೆ ಅಮೆರಿಕದ ಅರಬರಿಗೆ ಅದನ್ನು ಮಕ್ಕಳ ಜೊತೆ ಕುಳಿತು ನೋಡುವುದು ಸುಲಭವಾಗಿರಲಿಲ್ಲ. ಆರಂಭದ ಹಾಡಿನಲ್ಲೇ ಅರಬ್ ನಾಡೆಂದರೆ ಮುಖ ಹಿಡಿಸದಿದ್ದರೆ ಕಿವಿ ಕೊಯ್ಯುವ ಊರು ಎಂಬ ಅರ್ಥದ ಸಾಲಿತ್ತು. ಅಲ್ಲಿನ ತಾರತಮ್ಯ ವಿರೋಧಿ ಅರಬ್-ಅಮೆರಿಕನ್ ಸಮಿತಿ ಪ್ರತಿಭಟಿಸಿತು. 1993ರಲ್ಲಿ ವೀಡಿಯೊ ಬಿಡುಗಡೆಯಾಗುವಾಗ ಡಿಸ್ನಿ ಆ ಸಾಲನ್ನು ತೆಗೆದು ಮರುಭೂಮಿಯ ಬಿಸಿಲಿನ ಮಾತು ಹಾಕಿತು. ಆದರೆ ಅದರ ಬೆನ್ನಲ್ಲೇ ಬರುವ 'ಅನಾಗರಿಕ' ಎಂಬ ಪದವನ್ನು ಬಿಡಲಿಲ್ಲ. ಆ ಪದ ಹೋಗಲು 2019ರ ಹೊಸ ಚಿತ್ರದವರೆಗೆ ಕಾಯಬೇಕಾಯಿತು. ಹಾಲಿವುಡ್ಡಿನಲ್ಲಿ ಅರಬರ ಚಿತ್ರಣವನ್ನು ಜೀವಮಾನವಿಡೀ ಅಧ್ಯಯನ ಮಾಡಿದ ಜಾಕ್ ಶಾಹೀನ್‌ರಂಥವರು ಇನ್ನೊಂದು ಅಂಶವನ್ನೂ ಎತ್ತಿ ತೋರಿಸಿದರು. ಅಲ್ಲಾದೀನ್ ಮತ್ತು ಜಾಸ್ಮಿನ್ ಮಾತನಾಡುವುದು ಅಪ್ಪಟ ಅಮೆರಿಕನ್ ಧಾಟಿಯಲ್ಲಿ. ಸಂತೆಯ ವ್ಯಾಪಾರಿಗಳು ಮತ್ತು ಕತ್ತಿ ಹಿಡಿದ ಕಾವಲುಗಾರರಿಗೆ ಮಾತ್ರ ಕೊಕ್ಕೆ ಮೂಗು, ಒರಟು ಅರಬ್ ಉಚ್ಚಾರ. ಅಂದರೆ ಒಳ್ಳೆಯವನಾದಷ್ಟೂ ಅವನು ಅರಬನಂತೆ ಕಾಣಿಸಬಾರದು.

ಚಲನಚಿತ್ರದ ಈ ಯಶಸ್ಸಿನಿಂದಲೇ ಟಿ.ವಿ. ಸರಣಿ ಹುಟ್ಟಿತು. 1994ರ ಮೇಯಲ್ಲಿ 'ಜಾಫರನ ಮರಳುವಿಕೆ' ಎಂಬ ಚಿತ್ರ ನೇರವಾಗಿ ವೀಡಿಯೊದಲ್ಲಿ ಬಂದು ಸರಣಿಗೆ ಪೀಠಿಕೆ ಹಾಕಿತು. ಸೆಪ್ಟೆಂಬರಿನಿಂದ ಧಾರಾವಾಹಿ ಶುರು. 1995ರ ನವೆಂಬರಿಗೆ 86 ಕಂತುಗಳಾಗಿ ಮುಗಿದೇ ಹೋಯಿತು. ನಿರ್ಮಾಪಕರು ಟ್ಯಾಡ್ ಸ್ಟೋನ್ಸ್ ಮತ್ತು ಅಲನ್ ಜಾಸ್ಲೊವ್. ಮೂಲ ಚಿತ್ರದಲ್ಲಿ ಜೀನಿಗೆ ದನಿ ಕೊಟ್ಟ ರಾಬಿನ್ ವಿಲಿಯಮ್ಸ್, ತನ್ನ ದನಿಯನ್ನು ಸರಕು ಮಾರಲು ಬಳಸಿದರೆಂದು ಕಂಪೆನಿಯೊಂದಿಗೆ ಮುನಿಸಿಕೊಂಡಿದ್ದರು. ಆದ್ದರಿಂದ ಸರಣಿಯಲ್ಲಿ ಜೀನಿಯಾದವರು ಡ್ಯಾನ್ ಕ್ಯಾಸ್ಟಲನೆಟಾ. ಸಿನಿಮಾದಲ್ಲಿ ಖಳನ ಹೆಗಲೇರಿದ್ದ ಗಿಣಿ ಇಯಾಗೊ ಇಲ್ಲಿ ಅಲ್ಲಾದೀನನ ಬಳಗ ಸೇರಿತು. ಷೇಕ್ಸ್‌ಪಿಯರನ 'ಒಥೆಲೊ' ಓದಿದವರಿಗೆ ಆ ಹೆಸರಿನ ಕುಚೋದ್ಯ ತಿಳಿಯುತ್ತದೆ. ಅಲ್ಲಿ ಮೂರ್ ಸೇನಾಪತಿಯನ್ನು ನಂಬಿಸಿ ಕೆಡಿಸಿದವನು ಇಯಾಗೊ, ಇಲ್ಲಿ ಅದೇ ಹೆಸರಿನ ಗಿಣಿ ಬೈಯುತ್ತಲೇ ಸಹಾಯ ಮಾಡುತ್ತದೆ.

ಹಾಗೆ ನೋಡಿದರೆ ಸರಣಿ ಸಿನಿಮಾಕ್ಕಿಂತ ಉದಾರವಾಗಿತ್ತೆಂದೇ ನಮ್ಮ ಅಭಿಪ್ರಾಯ. ಒಂದೂವರೆ ಗಂಟೆಯ ಚಿತ್ರಕ್ಕೆ ಒಬ್ಬ ಕೇಡಿಗ, ಒಂದು ಮದುವೆಯ ಆಸೆ ಸಾಕು. 86 ಕಂತುಗಳಿಗೆ ಒಂದು ಊರು ಬೇಕು. ಬಡವರ ಬೀದಿ, ನೆರೆರಾಜ್ಯ, ಮರುಭೂಮಿಯ ಆಚೆಗಿನ ನಾಡುಗಳು ಬೇಕು. ಅಗ್ರಬಾ ಹೀಗೆ ಬೆಳೆಯಿತು. ಕೇಡಿಗರಲ್ಲಿ ಗ್ರೀಕ್ ಯಂತ್ರಶಿಲ್ಪಿಯೂ ಇದ್ದ. ಅಲ್ಲಾದೀನ್ ಅರಮನೆಗೆ ಹೋಗಿ ಕುಳಿತುಬಿಡಲಿಲ್ಲ, ತನ್ನ ಹಳೆಯ ಗುಡಿಸಲಿಗೆ ಮರಳುತ್ತಿದ್ದ. ಬಡ ಹುಡುಗ, ತಂದೆಯಿಲ್ಲದವ, ಕೋತಿಯೊಂದು ಜೊತೆ, ಕೈಯಲ್ಲಿ ಆಯುಧವಿಲ್ಲ, ಬುದ್ಧಿಯೇ ಬಂಡವಾಳ. ವಾರವಾರವೂ ಗೆಲ್ಲುವವನಿಗೆ ಮುಸ್ಲಿಮ್ ಹೆಸರು. ಅಂಥದ್ದನ್ನು ಅದಕ್ಕೆ ಮುಂಚೆ ನಾವು ಕಂಡಿರಲಿಲ್ಲ.

ಜೀನಿಯ ಬಗ್ಗೆ ಮನೆಯ ಹಿರಿಯರಿಗೆ ತಕರಾರಿತ್ತು, ಅದು ಸಹಜವೂ ಹೌದು. ಜಿನ್ನ್ ಎಂಬುದು ನಮಗೆ ಆಟದ ವಸ್ತುವಲ್ಲ. ಹೊಗೆಯಿಲ್ಲದ ಬೆಂಕಿಯಿಂದ ಸೃಷ್ಟಿಯಾದ, ಮನುಷ್ಯರಂತೆಯೇ ಒಳಿತು ಕೆಡುಕಿಗೆ ಹೊಣೆಯಾದ ಜೀವಿಗಳೆಂದು ಕುರ್‌ಆನ್ ಹೇಳುತ್ತದೆ. ಆ ಹೆಸರಿನ ಅಧ್ಯಾಯವೇ ಇದೆ. ಅವರನ್ನು ಸೇವೆಗೆ ಒಪ್ಪಿಸಲಾಗಿದ್ದು ಪ್ರವಾದಿ ಸುಲೈಮಾನರಿಗೆ. ದೀಪ ತಿಕ್ಕಿದವನಿಗೆಲ್ಲ ಕೈಕಟ್ಟಿ ನಿಲ್ಲುವ ನೀಲಿ ಸೇವಕ ಕಥೆಗಾರರ ಕಲ್ಪನೆ. ಯುರೋಪಿನ ಅನುವಾದಕರು ತಮ್ಮ ಭಾಷೆಯಲ್ಲಿ ಮೊದಲೇ ಇದ್ದ 'ಜೆನಿ' ಎಂಬ ಪದವನ್ನು ದನಿಯ ಸಾಮ್ಯದಿಂದ ಜಿನ್ನ್‌ಗೆ ಹೊಂದಿಸಿಬಿಟ್ಟರು.

ನಮ್ಮ ಊರಿಗೆ ಈ ಅಲ್ಲಾದೀನ್ ಬಂದದ್ದು ಹಿಂದಿಯಲ್ಲಿ. 1993ರಲ್ಲಿ ಜಪಾನಿನ 'ಜಂಗಲ್ ಬುಕ್' ಸರಣಿಯ ಮೌಗ್ಲಿ ಗುಲ್ಜಾರರ ಹಾಡಿನೊಂದಿಗೆ ಬಂದು ಭಾನುವಾರದ ಬೆಳಗನ್ನು ಮಕ್ಕಳಿಗೆ ಬಿಡಿಸಿಕೊಟ್ಟಿದ್ದ. ಡಿಸ್ನಿಯ ಬಾತುಕೋಳಿಗಳು ಬಂದವು, ಬಳಿಕ ಅಲ್ಲಾದೀನ್. ಎಲ್ಲರ ಮನೆಯಲ್ಲೂ ಟಿ.ವಿ. ಇರಲಿಲ್ಲ, ಇದ್ದ ಮನೆಯಲ್ಲಿ ಬೀದಿಯೇ ತುಂಬುತ್ತಿತ್ತು. ಆಗ ಒಂದು ವಿಚಿತ್ರ ನಡೆಯುತ್ತಿತ್ತು. ಕನ್ನಡ ಮನೆಮಾತಿನ ಮಕ್ಕಳಿಗೆ ಆ ಹಿಂದಿ ಅರ್ಥವಾಗುತ್ತಿರಲಿಲ್ಲ. ಮನೆಯಲ್ಲಿ ದಖನಿ ಆಡುವ ನಮಗೆ ಬಹುಪಾಲು ಅರ್ಥವಾಗುತ್ತಿತ್ತು. ಹೀಗೆ ನಾವೇ ದುಭಾಷಿಗಳಾದೆವು. ಶಾಲೆಯಲ್ಲಿ ಕನ್ನಡದ ಒತ್ತಕ್ಷರ ತಪ್ಪಿದರೆ ನಗಿಸಿಕೊಳ್ಳುತ್ತಿದ್ದವರು ಭಾನುವಾರ ಇಡೀ ಬೀದಿಗೆ ಕನ್ನಡದಲ್ಲಿ ಕಥೆ ಹೇಳುತ್ತಿದ್ದೆವು. "ಏನಂತೋ ಆ ನೀಲಿ ಭೂತ?" ಎಂದು ಪಕ್ಕದ ಮನೆಯ ಅಜ್ಜಿ ಕೇಳುತ್ತಿದ್ದರು. "ಭೂತ ಅಲ್ಲ ಅಜ್ಜಿ, ಜಿನ್ನು" ಎಂದರೆ, "ಎಲ್ಲಾ ಒಂದೇ ಕಣೋ, ಏನಂತು ಹೇಳು" ಎನ್ನುತ್ತಿದ್ದರು. ನಾವು ಹೇಳಿದ್ದರಲ್ಲಿ ಅರ್ಧ ನಮ್ಮದೇ ಸೃಷ್ಟಿ. ದಿಯಾಬ್ ಗಲಾನ್‌ನಿಗೆ ಹೇಳುವಾಗಲೂ ಹೀಗೇ ಆಗಿರಬಹುದು.

ಅಲ್ಲಾದೀನ್ ಕನ್ನಡ ಮಾತನಾಡಲಿಲ್ಲ ಏಕೆ? 1960ರ ದಶಕದಿಂದ ಕನ್ನಡ ಚಿತ್ರರಂಗ ಡಬ್ಬಿಂಗನ್ನು ಹೊರಗಿಟ್ಟಿತ್ತು. ಅದಕ್ಕೆ ಕಾರಣವಿತ್ತು. ಮದರಾಸಿನ ಸ್ಟುಡಿಯೋಗಳನ್ನು ನೆಚ್ಚಿಕೊಂಡಿದ್ದ ಕಾಲದಲ್ಲಿ ಪರಭಾಷೆಯ ಚಿತ್ರಗಳು ಕನ್ನಡದ ಮುಖವಾಡ ಹಾಕಿ ಬಂದರೆ ನಮ್ಮ ಕಲಾವಿದರಿಗೆ ಕೂಳಿಲ್ಲವಾಗುತ್ತಿತ್ತು. ಅನಕೃ ಅವರಂಥವರು ಹೋರಾಟಕ್ಕಿಳಿದದ್ದು ಸುಮ್ಮನಲ್ಲ. ಆದರೆ ಮಕ್ಕಳ ಕಾರ್ಟೂನಿಗೂ ಅದೇ ಬೇಲಿ ಹಾಕಿದ್ದರಿಂದ ಯಾವ ಕನ್ನಡ ಕಲಾವಿದನ ಅನ್ನ ಉಳಿಯಿತೋ ನಮಗೆ ತಿಳಿಯದು. ಒಂದು ತಲೆಮಾರಿನ ಮಕ್ಕಳು ಕಲ್ಪನೆಯ ಲೋಕಕ್ಕೆ ಹೋಗುವಾಗಲೆಲ್ಲ ಕನ್ನಡವನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಹೋಗಬೇಕಾಯಿತು. 2009ರಲ್ಲಿ ಸನ್ ಬಳಗದ ಚಿಂಟು ಟಿ.ವಿ. ಬಂದ ಮೇಲೆ ಕಾರ್ಟೂನುಗಳು ಕನ್ನಡದಲ್ಲಿ ಕೇಳಿಸಿದವು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ತೀರ್ಪಿತ್ತಿತು. 2020ರ ಲಾಕ್‌ಡೌನಿನಲ್ಲಿ ಡಬ್ ಆದ ಮಹಾಭಾರತವನ್ನು ಮನೆಮನೆಯಲ್ಲಿ ನೋಡಿದರು. ಅಷ್ಟರಲ್ಲಿ ಅಲ್ಲಾದೀನನ ಕಾಲ ಮುಗಿದಿತ್ತು.

ಅವನ ಇಳಿಗಾಲಕ್ಕೆ ದ್ವೇಷ ಕಾರಣವಲ್ಲ, ವ್ಯಾಪಾರ ಕಾರಣ. ಅಮೆರಿಕದಲ್ಲಿ ಇಂಥ ಸರಣಿಗಳನ್ನು ನಿತ್ಯ ಮರುಪ್ರಸಾರಕ್ಕೆ ಸಾಲುವಷ್ಟು ಕಂತು ಮಾಡಿ ನಿಲ್ಲಿಸುವುದು ವಾಡಿಕೆ. 1996ರಲ್ಲಿ ರಾಬಿನ್ ವಿಲಿಯಮ್ಸ್ ರಾಜಿಯಾಗಿ ಮರಳಿದ ಮೂರನೆಯ ಚಿತ್ರ ವೀಡಿಯೊದಲ್ಲಿ ಬಂತು. ಕಳೆದುಹೋಗಿದ್ದ ತಂದೆ ಸಿಕ್ಕಿದ, ಮದುವೆಯೂ ಆಯಿತು. ಮದುವೆಯಾದ ಮೇಲೆ ಇಂಥ ಕಥೆಗೆ ಮುಂದೆ ಹೋಗಲು ದಾರಿಯಿರುವುದಿಲ್ಲ. ಮಧ್ಯಾಹ್ನದ ಡಿಸ್ನಿ ಕಾರ್ಯಕ್ರಮಮಾಲೆ 1997ರಲ್ಲಿ ಮುಚ್ಚಿತು. ಇತ್ತ ನಮ್ಮಲ್ಲಿ 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಬಂದಿತ್ತು. ಕೇಬಲ್ ಊರೂರಿಗೆ ಹರಡಿದಂತೆ ದೂರದರ್ಶನದ ಭಾನುವಾರ ಸಪ್ಪೆಯಾಯಿತು. 2004ರಲ್ಲಿ ಡಿಸ್ನಿ ಚಾನೆಲ್ಲೇ ಭಾರತಕ್ಕೆ ಬಂದಾಗ ಅಲ್ಲಾದೀನ್ ಮರುಪ್ರಸಾರದ ಹಳೆಯ ಸರಕು. ಅದರ ಹಿಂದೆಯೇ ಡೋರೇಮಾನ್, ಶಿನ್ಚಾನ್, 2008ರಲ್ಲಿ ಛೋಟಾ ಭೀಮ್. ಇಪ್ಪತ್ತನಾಲ್ಕು ಗಂಟೆಯೂ ಸಿಗುವುದಕ್ಕೆ ಯಾರೂ ಇಡೀ ವಾರ ಕಾಯುವುದಿಲ್ಲ. ಬೀದಿ ಒಂದೆಡೆ ಕೂಡುವುದೂ ಇಲ್ಲ.

ಆದರೆ ಅವನು ಬಿಟ್ಟುಹೋದ ಜಾಗ ಮಾತ್ರ ಬರಿದಾಗಿಯೇ ಉಳಿಯಿತು. 2001ರ ಸೆಪ್ಟೆಂಬರ್ 11ರ ನಂತರ ಅಮೆರಿಕದ ತೆರೆಯ ಮೇಲೆ ಆ ಹೆಸರುಗಳು ಬೇರೆ ವೇಷದಲ್ಲಿ ಬರತೊಡಗಿದವು. 2015ರ ಡಿಸೆಂಬರಿನಲ್ಲಿ ಅಲ್ಲಿನ ಸಮೀಕ್ಷಾ ಸಂಸ್ಥೆಯೊಂದು ಕುಚೋದ್ಯಕ್ಕೆ ಒಂದು ಪ್ರಶ್ನೆ ಕೇಳಿತು. ಅಗ್ರಬಾದ ಮೇಲೆ ಬಾಂಬು ಹಾಕಬೇಕೇ? ರಿಪಬ್ಲಿಕನ್ ಮತದಾರರಲ್ಲಿ ಶೇ. 30ರಷ್ಟು ಮಂದಿ ಹೌದೆಂದರು. ಡೆಮಾಕ್ರಟರಲ್ಲೂ ಶೇ. 19 ಮಂದಿ ಹೌದೆಂದರು. ಬಾಗ್ದಾದಿನ ಹೆಸರು ಬದಲಿಸಿ ತಪ್ಪಿಸಿಕೊಳ್ಳಲು ಹೊರಟ ಊರಿಗೂ ಕೊನೆಗೆ ಬಾಂಬಿನ ಭಯ ತಪ್ಪಲಿಲ್ಲ! 2019ರಲ್ಲಿ ಈಜಿಪ್ಟ್ ಮೂಲದ ಮೆನಾ ಮಸೂದ್ ನಾಯಕನಾಗಿ ನಟಿಸಿದ ಹೊಸ 'ಅಲ್ಲಾದೀನ್' ನೂರು ಕೋಟಿ ಡಾಲರು ದಾಟಿತು. ನಾಯಕ ಕೊನೆಗೂ ಅರಬ್ ಮುಖ ಪಡೆದ. ತೆಲುಗಿನಲ್ಲಿ ಜೀನಿಗೆ ವೆಂಕಟೇಶ್ ದನಿ ಕೊಟ್ಟರು. ಎರಡು ಗಂಟೆಯ ಆ ಸಂಭ್ರಮ ವಾರವಾರದ ಒಡನಾಟಕ್ಕೆ ಸಾಟಿಯಲ್ಲ.

ಇತ್ತ ಮೊದಲನೆಯ ಬಾಗಿಲಿನಿಂದ ಬಂದವನು ದಿನೇದಿನೇ ದೊಡ್ಡವನಾದ. ಶಾಲೆಯಲ್ಲಿ ಖಿಲ್ಜಿಯ ಪಾಠ ಬಂದ ದಿನ ಕೆಲವು ಕಣ್ಣುಗಳು ತಮ್ಮಷ್ಟಕ್ಕೆ ಹಿಂದಿನ ಬೆಂಚಿನ ನಮ್ಮತ್ತ ತಿರುಗುತ್ತಿದ್ದುದು ನೆನಪಿದೆ. ಆದರೆ ಭಾನುವಾರ ಬಂದರೆ ಅದೇ ಕಣ್ಣುಗಳು ನಮ್ಮ ಬಾಯನ್ನೇ ನೋಡುತ್ತಿದ್ದವು, ಲೆಕ್ಕ ಸರಿಹೋಗುತ್ತಿತ್ತು. 2018ರ 'ಪದ್ಮಾವತ್' ಹಿಂದಿ ಚಿತ್ರದಲ್ಲಿ ಮಾಂಸ ಕಿತ್ತು ತಿನ್ನುವ ಖಿಲ್ಜಿಯನ್ನು ಕಂಡ ಇಂದಿನ ಮಕ್ಕಳಿಗೆ ಆ ಭಾನುವಾರವಿಲ್ಲ. ಬೇಲೂರಿನಲ್ಲೇ, ಚೆನ್ನಕೇಶವನ ರಥೋತ್ಸವದ ಆರಂಭದಲ್ಲಿ ಕುರ್‌ಆನ್ ಪಠಿಸುವ ಬಹುಕಾಲದ ಪದ್ಧತಿ 2022 ಮತ್ತು 2023ರಲ್ಲಿ ವಿವಾದದ ವಸ್ತುವಾಯಿತು. ಯಾರಿಗೂ ಪ್ರಶ್ನೆಯೇ ಅನ್ನಿಸದಿದ್ದ ಸಂಗತಿಗೆ ಈಗ ದಾಖಲೆ ತೋರಿಸಬೇಕು.

ದಾಖಲೆಯೆಂದರೆ ಖಿಲ್ಜಿಯ ಪಾಠಕ್ಕೂ ದಾಖಲೆಗಳಿವೆ. ದಂಡಯಾತ್ರೆ ನಡೆದದ್ದು, ಸಂಪತ್ತು ಹೋದದ್ದು ನಿಜ, ಅದನ್ನು ಮರೆಮಾಚಬೇಕಿಲ್ಲ. ಆಸ್ಥಾನ ಕವಿ ಅಮೀರ್ ಖುಸ್ರೂ ಅದನ್ನು ಹೊಗಳಿಯೇ ಬರೆದಿದ್ದಾನೆ. ಆದರೆ ಕಾಫೂರ್ ಬಂದಾಗ ಮೂರನೆಯ ವೀರಬಲ್ಲಾಳ ತಾನೇ ತಮಿಳುನಾಡಿನ ಪಾಂಡ್ಯ ಸೋದರರ ಜಗಳದ ಲಾಭ ಪಡೆಯಲು ದಂಡು ಕಟ್ಟಿಕೊಂಡು ಹೋಗಿದ್ದ. ಓಡಿಬಂದು ಸಂಧಿ ಮಾಡಿಕೊಂಡ. ಒಪ್ಪಂದದ ಬಳಿಕ ಅವನ ಮಗ ದೆಹಲಿಗೆ ಹೋದ. ಅಲ್ಲಾವುದ್ದೀನನ ಆಸ್ಥಾನ ಕಂಡು 1313ರಲ್ಲಿ ದ್ವಾರಸಮುದ್ರಕ್ಕೆ ಸುರಕ್ಷಿತವಾಗಿ ಮರಳಿದ. ಆ ಮರಳುವಿಕೆಯನ್ನು ಕನ್ನಡ ಶಾಸನವೊಂದು ದಾಖಲಿಸಿದೆ. ಹಳೇಬೀಡಿನಿಂದ ದೆಹಲಿಯವರೆಗೆ ಹೋಗಿಬಂದ ಆ ರಾಜಕುಮಾರ ದಾರಿಯಲ್ಲಿ ಏನೇನು ಕಂಡನೋ, ಯಾವ ಭಾಷೆಯಲ್ಲಿ ಯಾರು ಅವನಿಗೆ ದುಭಾಷಿಯಾದರೋ. ನಾವು ಓದಿದ ಪಾಠದಲ್ಲಿ ಅವನಿರಲಿಲ್ಲ. ಅವನನ್ನು ಚಿತ್ರಿಸಿದ ಕಾರ್ಟೂನನ್ನೂ ನಾವು ಕಂಡಿಲ್ಲ.