ಕೊಂಬು ಹೊತ್ತ ಕೋವಿ

ಟಿಬೆಟ್ಟಿನ ಹಳೆಯ ಛಾಯಾಚಿತ್ರಗಳಲ್ಲಿ ಒಂದು ವಿಚಿತ್ರ ನೋಟವಿದೆ. ಕುದುರೆ ಸವಾರನ ಬೆನ್ನ ಹಿಂದಿನಿಂದ ಎರಡು ಚೂಪಾದ ಕೊಂಬುಗಳು ಆಕಾಶಕ್ಕೆ ಚಾಚಿಕೊಂಡಿರುತ್ತವೆ. ಬೇಟೆಯಾಡಿದ ಮೃಗವನ್ನು ಹೊತ್ತು ತರುತ್ತಿದ್ದಾನೆಯೇ ಎನಿಸಬಹುದು. ಆದರೆ ಅವು ಅವನ ಕೋವಿಯ ಕಾಲುಗಳು. ನೆಲಕ್ಕಿಳಿದು ಗುರಿಯಿಡುವಾಗ ಬಿಡಿಸಿ ಊರುವ, ಸವಾರಿಯ ವೇಳೆ ನಳಿಗೆಯ ಉದ್ದಕ್ಕೂ ಮಡಿಚಿಡುವ ಜೋಡಿ ಊರುಗೋಲು.

ಈ ಕೋವಿಗೆ ಟಿಬೆಟನ್ ಭಾಷೆಯಲ್ಲಿ 'ಮೆ-ದಾ' ಎಂದು ಹೆಸರು. ಬೆಂಕಿಯ ಬಾಣ ಎಂದರ್ಥ. ಇದು ಬತ್ತಿ ಕೋವಿ. ಟ್ರಿಗರ್ ಒತ್ತಿದರೆ ಹೊಗೆಯಾಡುವ ಬತ್ತಿ ಬಾಗಿ ಬಟ್ಟಲಿನ ಮದ್ದಿಗೆ ತಾಗುತ್ತದೆ. ಅದು ಭಗ್ಗೆಂದು ಹೊತ್ತಿ, ಕಿಡಿ ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದನ್ನು ಮುಟ್ಟಿದ ಮೇಲೆಯೇ ಗುಂಡು ಹೊರಡುವುದು. ಈ ಅರೆಕ್ಷಣದಲ್ಲಿ ನಳಿಗೆ ಕೂದಲೆಳೆಯಷ್ಟು ಅಲುಗಿದರೂ ಈಡು ವ್ಯರ್ಥ. ನಮ್ಮ ಕಾಡಿನ ಬೇಟೆಗಾರನಾದರೆ ಮರದ ಕೊಂಬೆಗೆ ಕೋವಿ ಆನಿಸಿಯಾನು. ಸಮುದ್ರಮಟ್ಟದಿಂದ ಹದಿನೈದು ಸಾವಿರ ಅಡಿ ಎತ್ತರದ ಚಾಂಗ್‌ತಾಂಗ್ ಬಯಲಿನಲ್ಲಿ ಮರವೆಲ್ಲಿ? ಅಲ್ಲಿ ನಾಲ್ಕು ಹೆಜ್ಜೆ ಓಡಿದರೆ ಏದುಸಿರು ಬರುತ್ತದೆ. ಏದುಸಿರಿನ ತೋಳಿನಲ್ಲಿ ಗುರಿ ನಿಲ್ಲದು.

ಕೋವಿಗೆ ಆಸರೆ ಬೇಕೆಂಬುದು ಟಿಬೆಟ್ಟಿಗಷ್ಟೇ ಹೊಳೆದ ಸಂಗತಿಯಲ್ಲ. 16ನೇ ಶತಮಾನದ ಯೂರೋಪಿನ ಭಾರಿ ಮಸ್ಕೆಟ್ಟುಗಳಿಗೂ ಕವೆಗೋಲು ಇತ್ತು. 1607ರಲ್ಲಿ ಪ್ರಕಟವಾದ ಯಾಕೋಬ್ ಡಿ ಗೇನನ ಕವಾಯತು ಚಿತ್ರಗಳಲ್ಲಿ ಸಿಪಾಯಿ ಒಂದು ಕೈಯಲ್ಲಿ ಕವೆಗೋಲು, ಮತ್ತೊಂದರಲ್ಲಿ ಬಂದೂಕು, ಬೆರಳ ಸಂದಿಯಲ್ಲಿ ಉರಿಯುವ ಬತ್ತಿ ಹಿಡಿದು ಪಡುವ ಪಾಡು ನೋಡಿದರೆ ನಗು ಬರುತ್ತದೆ. ಕೋವಿ ಹಗುರಾದಂತೆ ಅಲ್ಲಿ ಕವೆಗೋಲು ಮೂಲೆ ಸೇರಿತು. ಟಿಬೆಟ್ಟಿನವರು ಆಸರೆಯನ್ನು ಕೋವಿಗೇ ಕೀಲಿನಿಂದ ಜೋಡಿಸಿದರು. ಬೀಳುವ, ಮರೆಯುವ ಮಾತೇ ಇಲ್ಲ.

ಅದರ ರಚನೆ ಸರಳ. ಮರದ ಒಡಲಿನ ಮುಂಭಾಗದಲ್ಲಿ ಅಡ್ಡಲಾಗಿ ಒಂದು ಕೀಲು. ಅದರ ಮೇಲೆ ತಿರುಗುವ ಎರಡು ಕಾಲು. ಮೂರನೆಯದು ಬೇಡ, ಮಂಡಿಯೂರಿದ ಬೇಟೆಗಾರನ ಮೈಯೇ ಮೂರನೆಯ ಕಾಲು. ಕಾಲುಗಳನ್ನು ಮರದಿಂದ ಮಾಡಿ ತುದಿಗೆ ಕಬ್ಬಿಣವನ್ನೋ ಕೊಂಬನ್ನೋ ಸಿಕ್ಕಿಸುವುದುಂಟು. ಆದರೆ ಹೆಸರಾದದ್ದು ಚಿರು ಎಂಬ ಹುಲ್ಲೆಯ ಕೊಂಬು. ಗಂಡು ಚಿರುವಿನ ಕೊಂಬು ತೆಳ್ಳಗೆ, ಹೆಚ್ಚುಕಡಿಮೆ ನೆಟ್ಟಗೆ ಎರಡಡಿಯವರೆಗೆ ಬೆಳೆಯುತ್ತದೆ. ಹಗುರ, ಗಟ್ಟಿ, ಚೂಪಾದ ತುದಿ ಹೆಪ್ಪುಗಟ್ಟಿದ ನೆಲದಲ್ಲೂ ಜಾರದು. ಒಂದು ಚಿರುವಿನ ಕೊಂಬು ಮುಂದಿನ ಚಿರುವಿಗೆ ಗುರಿಯಿಡಲು ಆಸರೆಯಾಗುತ್ತಿತ್ತು.

ಬೇಟೆಯ ನೆಲದಲ್ಲಿ ಇಷ್ಟು ಒಗ್ಗಿದ್ದ ಈ ಆಯುಧ ಯುದ್ಧದಲ್ಲಿ ಸೋತಿತು. 1904ರ ಮಾರ್ಚ್ 31ರಂದು ಗುರು ಎಂಬ ಹಳ್ಳಿಯ ಬಳಿ ಯಂಗ್‌ಹಸ್ಬೆಂಡನ ಬ್ರಿಟಿಷ್ ಪಡೆಗೆ ಟಿಬೆಟ್ ಸೇನೆ ಎದುರಾಯಿತು. ಹೆಚ್ಚಿನವರ ಕೈಲಿದ್ದುದು ಬತ್ತಿ ಕೋವಿ, ಕತ್ತಿ. ಮಾತುಕತೆಯ ನೆಪದಲ್ಲಿ ಬತ್ತಿ ಆರಿಸುವಂತೆ ಮಾಡಲಾಯಿತೆಂಬುದು ಟಿಬೆಟನ್ನರ ಕಡೆಯ ಹೇಳಿಕೆ. ಆರಿದ ಬತ್ತಿಯ ಕೋವಿ ಬರಿಯ ದೊಣ್ಣೆ. ಹತಾರು ಕಸಿಯಲು ಹೋದಾಗ ಗಲಭೆಯೆದ್ದು, ಮ್ಯಾಕ್ಸಿಂ ಯಂತ್ರಕೋವಿಗಳು ಮೊಳಗಿದವು. ಕೆಲವೇ ನಿಮಿಷಗಳಲ್ಲಿ ಆರುನೂರಕ್ಕೂ ಹೆಚ್ಚು ಟಿಬೆಟನ್ನರು ಸತ್ತರು. ಬ್ರಿಟಿಷರ ಕಡೆ ಗಾಯಗೊಂಡವರು ಹತ್ತಾರು ಮಂದಿಯಷ್ಟೇ.

ಆಮೇಲೆ ಲಾಸಾದ ಸರ್ಕಾರ ಹೊಸ ಆಯುಧಗಳಿಗೆ ಕೈಚಾಚಿತು. 1914ರಲ್ಲಿ ಬ್ರಿಟಿಷರಿಂದಲೇ 5,000 ರೈಫಲ್ ಪಡೆಯಿತು. ಆದರೆ ಕೊಂಬಿನ ಕಾಲು ಅಷ್ಟಕ್ಕೇ ಮಾಯವಾಗಲಿಲ್ಲ. ಅಲೆಮಾರಿಗಳೂ ಖಂಪಾ ಸವಾರರೂ ತಮ್ಮ ಕೈಗೆ ಬಂದ ಕಾರ್ಖಾನೆಯ ರೈಫಲ್ಲಿಗೂ ಅದೇ ಜೋಡಿ ಕಾಲನ್ನು ಕಟ್ಟಿಕೊಂಡರು. ತಯಾರಿಸಿದ ಎಂಜಿನಿಯರನ ನಕ್ಷೆಯಲ್ಲಿ ಇಲ್ಲದ ಅಂಗವದು. ಬತ್ತಿ ಹೋದರೂ ಬಯಲು ಹಾಗೆಯೇ ಇತ್ತಲ್ಲ!

ಚಿರುವಿಗೆ ನಿಜವಾದ ಸಂಕಟ ಬಂದದ್ದು ಈ ಕೋವಿಯಿಂದಲ್ಲ. ಶಾಹತೂಶ್ ಶಾಲಿಗೆ ಬೇಕಾದ ಅದರ ನವಿರಾದ ಉಣ್ಣೆಗಾಗಿ 1980–90ರ ದಶಕಗಳಲ್ಲಿ ಕಳ್ಳಬೇಟೆಗಾರರು ಜೀಪುಗಳಲ್ಲಿ ಬಂದು, ದೀಪ ಹಾಯಿಸಿ ಹಿಂಡುಹಿಂಡನ್ನೇ ಕೊಂದರು. ಅವರಿಗೆ ಮಂಡಿಯೂರಿ ಉಸಿರು ಹಿಡಿದು ಕಾಯುವ ಅಗತ್ಯವಿರಲಿಲ್ಲ. ಕಾವಲು ಬಿಗಿಯಾದ ಬಳಿಕ ಹಿಂಡುಗಳು ಚೇತರಿಸಿಕೊಂಡವು. 2016ರಲ್ಲಿ ಚಿರುವನ್ನು ಅಂತರರಾಷ್ಟ್ರೀಯ ಪಟ್ಟಿಯ ವಿನಾಶದಂಚಿನ ವರ್ಗದಿಂದ ಕೆಳಗಿಳಿಸಲಾಯಿತು. ಅದರ ಕೊಂಬು ಹೊತ್ತ ಕೋವಿಗಳು ಈಗ ವಸ್ತುಸಂಗ್ರಹಾಲಯಗಳ ಗಾಜಿನ ಹಿಂದೆ, ಕಾಲು ಮಡಿಚಿಕೊಂಡು ಮಲಗಿವೆ.