ಅಟ್ಟದ ಮ್ಯಾಲಿನ ನಟ್ಟು-ಬೋಲ್ಟು, ಸಂಡೂರಿನ ಗೂಡ್ಸ್ ಗಾಡಿ

ಹುಡುಗ್ರು ದೊಡ್ಡವರಾಗಿ ಓದಾಕ, ಕೆಲಸಕ್ಕ ಊರು ಬಿಟ್ಟ ಮ್ಯಾಲೆ ಬಾಳ ಮಂದಿ ಮನ್ಯಾಗ ಅಟ್ಟದ ಮ್ಯಾಲೆ ಒಂದು ರಟ್ಟಿನ ಪೆಟ್ಟಿಗಿ ಉಳೀತೈತಿ. ಅದರಾಗ ತೂತು ತೂತಿನ ತಗಡಿನ ಪಟ್ಟಿ, ನಾಕಾರು ನಟ್ಟು-ಬೋಲ್ಟು, ಒಂದರ ಮ್ಯಾಲೊಂದು ಕೂಡೋ ಪ್ಲಾಸ್ಟಿಕ್ ಇಟ್ಟಂಗಿ, ಬಣ್ಣ ಹೋದ ಕಟ್ಟಿಗಿ ತುಂಡು ಇರ್ತಾವ. ಪೂರ್ತಿ ಸೆಟ್ ಇಲ್ಲ, ಹಂಗಾಗಿ ಯಾರಿಗೂ ಕೊಡಾಕ ಬರಂಗಿಲ್ಲ. ಎಸಿಯಾಕ ಮನಸೂ ಆಗಂಗಿಲ್ಲ. ಗಣಪತಿ ಹಬ್ಬ ಬಂದ್ರ ಅದೇ ಹುಡುಗ್ರ ಆಟದ ರೈಲು ಮಂಟಪದ ಮುಂದ ಸುತ್ತ ಹೊಡೀತೈತಿ, ಆದ್ರ ಡಬ್ಬಿ ಖಾಲಿ, ಆಜೂಬಾಜೂ ಬರೇ ಬಯಲು. ಈ ಪೆಟ್ಟಿಗಿ, ಆ ರೈಲು ಎರಡೂ ಒಂದೇ ಮನಿಯಾಗ ಹುಟ್ಟಿದವು ಅಂತ ತಿಳಿದ್ರ ಯಾರೂ ಪೆಟ್ಟಿಗಿ ಗುಜರಿಗೆ ಹಾಕಂಗಿಲ್ಲ. ಆ ಕಥಿ ಹೇಳ್ತೀನಿ ಕೇಳ್ರಿ.

ಇಂಗ್ಲೆಂಡಿನ ಲಿವರ್‌ಪೂಲ್ ಊರಾಗ ಫ್ರಾಂಕ್ ಹಾರ್ನ್‌ಬಿ ಅಂತ ಒಬ್ಬ ಇದ್ದ. ಹುಟ್ಟಿದ್ದು 1863ರಾಗ. ಮಾಂಸ ಆಮದು ಮಾಡೋ ವ್ಯಾಪಾರಿ ಹತ್ರ ಗುಮಾಸ್ತನ ಕೆಲಸ. ಮನ್ಯಾಗ ತನ್ನ ಗಂಡುಮಕ್ಕಳಿಗೆ ಆಡಾಕ ತಗಡು ಕತ್ತರಿಸಿ ಕ್ರೇನ್ ಮಾಡಿ ಕೊಡ್ತಿದ್ದ. ಒಂದೊಂದು ಆಟಿಗಿಗೂ ಹೊಸದಾಗಿ ತಗಡು ಕತ್ತರಿಸೋದು ಯಾಕ, ಎಲ್ಲಾ ಪಟ್ಟಿಗೂ ಅರ್ಧ ಇಂಚಿಗೆ ಒಂದರಂಗ ತೂತು ಹೊಡೆದ್ರ, ಕ್ರೇನ್ ಬಿಚ್ಚಿ ಅದೇ ಪಟ್ಟಿಲೆ ಸೇತುವೆ ಕಟ್ಟಬಹುದಲ್ಲ ಅನ್ನೋ ವಿಚಾರ ಬಂತು. ಮಾಲೀಕನ ಹತ್ರ ಐದು ಪೌಂಡ್ ಸಾಲ ತಗೊಂಡು 1901ರಾಗ ಅದಕ್ಕ ಪೇಟೆಂಟ್ ಮಾಡಿಸಿದ. 1907ರಾಗ ಅದಕ್ಕ ಮೆಕಾನೋ ಅಂತ ಹೆಸರಾತು. ನಮ್ಮ ಹುಡುಗ್ರು ಆಡಿದ ಮೆಕ್ಯಾನಿಕ್ಸ್ ಸೆಟ್ಟಿನ ಹಿರೀಕರು ಇವೇ ಪಟ್ಟಿಗಳು.

ಆಗ ಆಟದ ರೈಲು ಬಾಳಷ್ಟು ಜರ್ಮನಿಯಿಂದ ಬರ್ತಿದ್ವು. 1914ರಾಗ ಯುದ್ಧ ಶುರುವಾಗಿ ಅವು ನಿಂತ್ವು. ಯುದ್ಧ ಮುಗಿದ ಮ್ಯಾಲೆ 1920ರಾಗ ಹಾರ್ನ್‌ಬಿ ತಾನೇ ಕೀಲಿ ಕೊಟ್ರ ಓಡೋ ರೈಲು ತಂದ. ಮೊದಲಿನ ಆ ರೈಲನ್ನ ಮೆಕಾನೋದಂಗ ನಟ್ಟು-ಬೋಲ್ಟು ಬಿಚ್ಚಿ ಮತ್ತ ಜೋಡಿಸಾಕ ಬರ್ತಿತ್ತು. ಅಂದ್ರ ಜೋಡಿಸೋ ಆಟಿಗಿಯಿಂದನ ಆ ರೈಲು ಹುಟ್ಟಿದ್ದು. ರೈಲು ಬಂದ ಮ್ಯಾಲೆ ಅದಕ್ಕೊಂದು ಊರು ಬೇಕಾತು. 1930ರ ಆಜೂಬಾಜೂ ಅದೇ ಕಾರ್ಖಾನಿಯವರು ಸ್ಟೇಷನ್ ಮಾಸ್ತರ, ಹಮಾಲ, ದನಕರ ಅಂತ ಪುಟ್ಟ ಗೊಂಬಿ ಮಾಡಿದ್ರು, ಆಮ್ಯಾಲೆ ರಸ್ತೆಗೆ ಮೋಟಾರು ಮಾಡಿದ್ರು. ರೈಲಿನ ಪಕ್ಕ ನಿಂದ್ರಸಾಕ ಮಾಡಿದ ಆ ಮೋಟಾರುಗಳೇ 1934ರಿಂದ ಡಿಂಕಿ ಟಾಯ್ಸ್ ಅಂತ ಲೋಕಕ್ಕೆಲ್ಲ ಹೆಸರಾದ್ವು.

ಉಳಿದ ತುಂಡಿನಾಗ ಹೊಸದು ಮಾಡೋದು ನಮಗೇನೂ ಪರದೇಶದ ವಿದ್ಯೆ ಅಲ್ಲ. ಕೌದಿ ಹೊಲಿಯೋ ಕೈಗೆ ಅದನ್ನ ಯಾರು ಕಲಿಸಬೇಕು? ಕೊಪ್ಪಳ ಕಡೆ ಕಿನ್ನಾಳದ ಚಿತ್ರಗಾರರು ಕಟ್ಟಿಗಿ ತುಂಡು ಕೂಡಿಸಿ, ಸಂದಿಗೆ ಅರಿವಿ ಚೂರು, ಕಟ್ಟಿಗಿ ಹೊಟ್ಟು, ಹುಣಸಿ ಬೀಜದ ಅಂಟು ಮೆತ್ತಿ ಗೊಂಬಿ ಮಾಡ್ತಾರ. ಪುಣೆಯಾಗ ಜೋಶಿ ಅನ್ನೋರು ಕಟ್ಟಿದ ಸಣ್ಣ ರೈಲುಗಳ ಮ್ಯೂಸಿಯಂ 1998ರಿಂದ ಐತಿ. ಅಲ್ಲಿ ರೈಲಿಗಿಂತ ಅದರ ಸುತ್ತಲಿನ ಊರು ನೋಡಾಕನ ಹೊತ್ತು ಸಾಲಂಗಿಲ್ಲ.

ಆದ್ರ ಅಂಗಡಿಯಾಗ ಸಿಗೋ ರೈಲಿನ ಡಬ್ಬದ ಮ್ಯಾಲೆ ಇರೋದು ಹಿಮದ ಗುಡ್ಡ, ಚೂಪು ಮರ. ನಮ್ಮ ಹುಡುಗ್ರು ಅದನ್ನ ನೋಡಿ ರೈಲು ಅಂದ್ರ ಹಂಗ ಇರತೈತಿ ಅಂತ ತಿಳೀತಾರ. ನಮ್ಮ ಹೊಸಪೇಟೆ ರೈಲು ಹೊತ್ತಿದ್ದು ಬ್ಯಾರೇನ. ಹೊಸಪೇಟೆಯಿಂದ ಸ್ವಾಮಿಹಳ್ಳಿ ಕಡೆ ಹೋಗೋ ಹಳಿ ಸಂಡೂರು ಸೀಮಿ ಅದಿರಿನ ದಾರಿ. ನಾವು ಸಣ್ಣವರಿದ್ದಾಗ ಇಲ್ಲಿ ಇದ್ದದ್ದು ಮೀಟರ್ ಗೇಜು, ಎರಡು ಹಳಿ ನಡುವೆ ಒಂದೇ ಮೀಟರ್. 1990ರ ದಶಕದಾಗ ಹುಬ್ಬಳ್ಳಿ–ಗುಂತಕಲ್ ದಾರಿ ಬ್ರಾಡ್ ಗೇಜ್ ಆತು, ಅಂದ್ರ 1,676 ಮಿಲಿಮೀಟರ್ ಅಗಲ. ಆಮ್ಯಾಲೆ ಮೈನ್ಸಿನ ಕಾಲ ಬಂತು. ರಸ್ತೆ, ಗಿಡ, ಒಣಹಾಕಿದ ಅರಿವಿ ಎಲ್ಲಾ ಕೆಂಪಾದ್ವು. 2011ರಾಗ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಾಗ ಗಣಿ ನಿಲ್ಲಿಸಿದಾಗ ಲಾರಿ ನಂಬಿದ ಮನಿಗಳು ಒಮ್ಮಿಂದೊಮ್ಮೆ ಕೈಕಟ್ಟಿ ಕುಂತ್ವು. ಧೂಳು ಕಡಿಮಿ ಆತು ಅಂತ ಒಂದು ಮನಿ, ಕಂತು ಕಟ್ಟೋದು ಹೆಂಗ ಅಂತ ಪಕ್ಕದ ಮನಿ. ಇದೆಲ್ಲಾ ಯಾವ ಆಟಿಗಿ ಡಬ್ಬದ ಮ್ಯಾಲೂ ಇರಂಗಿಲ್ಲ, ನಾವೇ ಮಾಡಿ ತೋರಸಬೇಕು.

ಅದಿರಿನ ಡಬ್ಬಿ ಮಾಡೋದು ಹಿಂಗ. ಹೊಸಪೇಟೆ ಸ್ಟೇಷನ್ನಿನಾಗ ಗೂಡ್ಸ್ ನಿಂತಾಗ ಮೇಲ್ಸೇತುವೆಯಿಂದ ಬಗ್ಗಿ ನೋಡ್ರಿ. ಕಲ್ಲಿದ್ದಲಿನ ಡಬ್ಬಿ ಕಂಠಮಟ ತುಂಬಿರತೈತಿ, ಅದೇ ನಮೂನಿ ಡಬ್ಬಿಯಾಗ ಅದಿರು ಅರ್ಧಕ್ಕೂ ಕಡಿಮಿ ಇರತೈತಿ. ಕಳುವಾಗಿಲ್ಲ, ಅದಿರು ಅಷ್ಟು ತೂಕ. ಡಬ್ಬಿ ಹೊರೋದು ಸುಮಾರು 58 ಟನ್ನು, ಆ ತೂಕ ಅರ್ಧದ ಕೆಳಗನ ಮುಗೀತೈತಿ. ಹಂಗಾಗಿ ಆಟದ ಡಬ್ಬಿಯನ್ನೂ ಕಂಠಮಟ ತುಂಬಬ್ಯಾಡ್ರಿ. ನಿಜವಾದ ಅದಿರು ತುಂಬಿದ್ರ ಸಣ್ಣ ಎಂಜಿನ್ ಎಳೆಯಂಗಿಲ್ಲ, ಅದಕ್ಕ ತಳಕ್ಕ ಹಳೇ ಪ್ಲಾಸ್ಟಿಕ್ ಇಟ್ಟಂಗಿ ಕೂಡಿಸಿ ಇಡ್ರಿ. ಮ್ಯಾಲೆ ಡಬ್ಬಿಯಳತಿ ರಟ್ಟು ಅಂಟಿಸ್ರಿ, ಅದಕ್ಕ ಫೆವಿಕಾಲ್ ಹಚ್ಚಿ ಮರಳು ಉದುರಿಸಿ, ಒಣಗಿದ ಮ್ಯಾಲೆ ಹೊಸ್ತಿಲಕ್ಕ ಬಳಿಯೋ ಕೆಮ್ಮಣ್ಣು ಕಲಸಿ ಬಳೀರಿ. ಕೆಮ್ಮಣ್ಣಿಗೆ ಆ ಬಣ್ಣ ಬಂದದ್ದೂ ಕಬ್ಬಿಣದಿಂದನ, ಹಂಗಾಗಿ ಬಣ್ಣ ತಪ್ಪಂಗಿಲ್ಲ. ಮರಳಿನ ಗುಂಪಿಯಾಗ ಒಂದು ಹಳೇ ಕಬ್ಬಿಣದ ನಟ್ಟು ಹುದುಗಿಸಿಡ್ರಿ. ಮ್ಯಾಲೆ ಅಯಸ್ಕಾಂತ ಹಿಡಿದ್ರ ಇಡೀ ಲೋಡು ಎದ್ದು ಬರತೈತಿ. ಸಂಡೂರಿನಿಂದ ಬರುವಾಗ ತುಂಬಿದ ಡಬ್ಬಿ, ಹೋಗುವಾಗ ಖಾಲಿ, ಖರೇ ಗಾಡಿ ನಡಿಯೋದೂ ಹಂಗ. ನಟ್ಟು, ಅಯಸ್ಕಾಂತ ಮಾತ್ರ ಸಣ್ಣ ಕೂಸುಗಳ ಕೈಗೆ ಸಿಗದಂಗ ಇಡ್ರಿ, ನುಂಗಿದ್ರ ಜೀವಕ್ಕ ಕುತ್ತು.

ತೂತಿನ ಪಟ್ಟಿ ಅಡ್ಡಡ್ಡ ಬಿಗಿದ್ರ ಕಬ್ಬಿಣದ ಸೇತುವೆ. ಕೆಳಗ ನೀಲಿ ಅರಿವಿ ಹಾಸಿದ್ರ ಕಾಲುವೆ. ಕಟ್ಟಿಗಿ ತುಂಡು ಒಂದರ ಮ್ಯಾಲೊಂದು ಇಟ್ಟು ಗೋಣಿಚೀಲ ಹೊದಿಸಿದ್ರ ಗುಡ್ಡ, ಅದರ ಮ್ಯಾಲೆ ಮನಿ ಕಟ್ಟುವಾಗ ಉಳಿದ ಖಡಿ ಚೆಲ್ಲಿದ್ರ ನಮ್ಮ ಹಂಪಿ ದಾರಿಯ ಬಂಡೆ ಗುಡ್ಡ.

ಮುಂದಿನ ಚೌತಿಗೆ ಇನ್ನೂ ಟೈಮ್ ಐತಿ. ಅಟ್ಟ ಝಾಡಿಸುವಾಗ ಪೆಟ್ಟಿಗಿ ಇಳಿಸಿ ಪಟ್ಟಿ ಒಂದು ಕಡೆ, ನಟ್ಟು ಒಂದು ಕಡೆ ಆರಿಸಿಡ್ರಿ. ಮನ್ಯಾಗ ಮೈನ್ಸ್ ಲಾರಿ ಹೊಡೆದೋರು, ರೈಲ್ವೆಯಾಗ ದುಡಿದೋರು ಯಾರಾದ್ರೂ ಇದ್ರ, ಹುಡುಗ್ರನ್ನ ಅವರ ಹತ್ರ ಕುಂದ್ರಿಸಿ ಯಾವ ಡಬ್ಬಿಗೆ ಏನು ತುಂಬ್ತಿದ್ರು ಅಂತ ಕೇಳಿಸ್ರಿ. ನೀವು ಮಾಡಿದ್ರ ನನಗೂ ಹೇಳ್ರಿ, ನೋಡಾಕ ಬರ್ತೀನಿ.