ಕಾಗದದ ಲೆಕ್ಕ ಈಗ ಯಾರ ಕೈಯಲ್ಲಿದೆ? ಮಂಗಳೂರಿನ ಪ್ರೆಸ್‌ನಿಂದ ಗುಜರಿ ಅಂಗಡಿಯವರೆಗೆ

ಮೊಬೈಲ್ ಬಂತು, ಇನ್ನು ಕಾಗದದ ಕತೆ ಮುಗೀತು ಅಂತ ಎಲ್ಲರೂ ಹೇಳ್ತಾರೆ. ಆದರೆ ಅದೇ ಮೊಬೈಲಿನಲ್ಲಿ ಆರ್ಡರ್ ಮಾಡಿದ ಚಪ್ಪಲಿ ಮನೆಗೆ ಬರುವುದು ರಟ್ಟಿನ ಪೆಟ್ಟಿಗೆಯಲ್ಲಿ. ಭಾರತದಲ್ಲಿ ತಲಾ ಕಾಗದ ಬಳಕೆ ವರ್ಷಕ್ಕೆ ಸುಮಾರು 15 ಕೆಜಿ. ಜಗತ್ತಿನ ಸರಾಸರಿ 50 ಕೆಜಿಗಿಂತ ಹೆಚ್ಚು. ಅಂದರೆ ಇಲ್ಲಿ ಕಾಗದಕ್ಕೆ ಇನ್ನೂ ಬೆಳೆಯುವ ಜಾಗ ಇದೆ. ಡಿಜಿಟಲ್ ತಂತ್ರಜ್ಞಾನ ಬದಲಿಸಿದ್ದು ಎರಡು ಸಂಗತಿಗಳನ್ನು: ಯಾವ ಕಾಗದಕ್ಕೆ ಬೇಡಿಕೆ, ಮತ್ತು ಆ ಕಾಗದದ ಲೆಕ್ಕ ಯಾರ ಬಳಿ. ಎರಡನೆಯದರ ಬಗ್ಗೆ ನಾವು ಮಾತಾಡುವುದು ಕಡಿಮೆ.

ಮಂಗಳೂರಿಗೂ ಕಾಗದಕ್ಕೂ ಏನು ನಂಟು?

ಮಂಗಳೂರು ಕಾಗದ ತಯಾರಿಸಿ ಹೆಸರು ಮಾಡಿದ ಊರಲ್ಲ, ಮುದ್ರಿಸಿ ಹೆಸರು ಮಾಡಿದ ಊರು. ಬಾಸೆಲ್ ಮಿಷನ್ ಇಲ್ಲಿ ಮುದ್ರಣಾಲಯ ತೆರೆದದ್ದು 1841ರಲ್ಲಿ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಅದು ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಆ ಕಾಲಕ್ಕೆ ಅದೇ ಹೊಸ ತಂತ್ರಜ್ಞಾನ. ದೊಡ್ಡ ಕಾಗದ ಕಾರ್ಖಾನೆಗಳು ಬಂದದ್ದು ಭದ್ರಾವತಿ, ದಾಂಡೇಲಿಗಳಿಗೆ. ಮರದ ತಿರುಳು ಆಮದಾಗುವ ಬಂದರುಗಳಲ್ಲಿ ನವಮಂಗಳೂರು ಬಂದರೂ ಒಂದು.

ಊರಿನ ಪ್ರೆಸ್‌ಗಳಿಗೆ ಬ್ಯಾಂಕುಗಳ ಕೆಲಸ ದೊಡ್ಡ ಆಸರೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯಾ ಎಲ್ಲವೂ ಹುಟ್ಟಿದ್ದು ಕರಾವಳಿಯಲ್ಲಿ. ಪಾಸ್‌ಬುಕ್, ಚಲನ್, ವೋಚರ್, ಲೆಡ್ಜರ್ ಎಲ್ಲ ಕಾಗದವೇ. 1941ರಲ್ಲಿ ಶುರುವಾದ ಮಣಿಪಾಲದ ಪ್ರೆಸ್ ಇಂದು ಮಣಿಪಾಲ್ ಟೆಕ್ನಾಲಜೀಸ್ ಆಗಿ ಚೆಕ್ ಪುಸ್ತಕದಿಂದ ಬ್ಯಾಂಕ್ ಕಾರ್ಡು, ಪಾವತಿ ತಂತ್ರಜ್ಞಾನದವರೆಗೆ ಬೆಳೆದಿದೆ. ಬಂಡವಾಳ ಇದ್ದವರು ಹೀಗೆ ದಾಟಿಕೊಂಡರು. ನಾಲ್ಕು ಜನ ಕೆಲಸ ಮಾಡುವ ಆಫ್‌ಸೆಟ್ ಪ್ರೆಸ್‌ಗೆ ಆ ದಾರಿ ಇರಲಿಲ್ಲ.

ಯಾವುದು ಇಳಿಯಿತು, ಯಾವುದು ಏರಿತು?

ಬಿಲ್ ಬುಕ್ ಜಾಗಕ್ಕೆ ಸಾಫ್ಟ್‌ವೇರ್ ಬಂತು. ಮದುವೆ, ನೇಮ, ಯಕ್ಷಗಾನದ ಆಮಂತ್ರಣ ವಾಟ್ಸಾಪಿಗೆ ಹೋಯಿತು. ಚೆಕ್ ಟ್ರಂಕೇಶನ್ ಬಂದ ಮೇಲೆ ಚೆಕ್ಕಿನ ಬದಲು ಅದರ ಚಿತ್ರ ಪಯಣಿಸುತ್ತದೆ. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗಿ ಮಂಗಳೂರು ಒಂದು ಪ್ರಧಾನ ಕಚೇರಿಯನ್ನೇ ಕಳೆದುಕೊಂಡಿತು. ಪ್ರಧಾನ ಕಚೇರಿ ಹೋದರೆ, ಫಾರಂಗಳನ್ನು ಯಾರಲ್ಲಿ ಮುದ್ರಿಸಬೇಕು ಎಂಬ ತೀರ್ಮಾನವೂ ಊರು ಬಿಡುತ್ತದೆ.

ಏರಿದ್ದು ರಟ್ಟು ಮತ್ತು ಪ್ಯಾಕಿಂಗ್ ಕಾಗದ. ಇ-ಕಾಮರ್ಸ್ ಇದಕ್ಕೆ ದೊಡ್ಡ ಕಾರಣ.

ಎಲ್ಲ ತಪ್ಪನ್ನೂ ಮೊಬೈಲ್ ಮೇಲೆ ಹಾಕುವುದೂ ಸರಿಯಲ್ಲ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಎಂಪಿಎಂ ಕಾರ್ಖಾನೆಯಲ್ಲಿ ಸುಮಾರು ಒಂದು ದಶಕದಿಂದ ಉತ್ಪಾದನೆ ನಿಂತಿದೆ. ಹಳೆಯ ಯಂತ್ರ, ಸಾಲ, ಅಗ್ಗದ ಆಮದು ಕಾಗದ, ಸರ್ಕಾರದ ಉದಾಸೀನ ಎಲ್ಲ ಸೇರಿ ಅದನ್ನು ಕೆಡವಿದವು.

ಡಿಜಿಟಲ್ ಲೆಕ್ಕ ನಡೆಯುವುದು ಹೇಗೆ?

ಕಾರ್ಖಾನೆಯಲ್ಲಿ: ಓಡುವ ಕಾಗದದ ಮೇಲೆ ಸ್ಕ್ಯಾನರ್ ಹಾದು ತೂಕ (ಜಿಎಸ್‌ಎಂ), ತೇವಾಂಶವನ್ನು ಅಳೆಯುತ್ತಲೇ ಇರುತ್ತದೆ. ಹೆಚ್ಚುಕಡಿಮೆ ಆದರೆ ಕಂಪ್ಯೂಟರ್ ಕೂಡಲೇ ಸರಿಪಡಿಸುತ್ತದೆ. ಪ್ರತಿ ರೋಲಿಗೂ ಬಾರ್‌ಕೋಡ್. ಗೋದಾಮು, ಮಾರಾಟ, ಬಾಕಿ ಎಲ್ಲ ಒಂದೇ ವ್ಯವಸ್ಥೆಯಲ್ಲಿ.

ಬಂದರಿನಲ್ಲಿ: 2022ರ ಅಕ್ಟೋಬರ್ 1ರಿಂದ ಬಹುತೇಕ ಬಗೆಯ ಕಾಗದದ ಆಮದಿಗೆ ಮೊದಲೇ ಆನ್‌ಲೈನ್ ನೋಂದಣಿ ಕಡ್ಡಾಯ. ಶುಲ್ಕ 500 ರೂಪಾಯಿ, ನೋಂದಣಿ ಸಂಖ್ಯೆಯ ಅವಧಿ 75 ದಿನ. ಯಾವ ಕಾಗದ, ಎಷ್ಟು ಬರಲಿದೆ ಎಂಬುದು ಹಡಗು ಬರುವ ಮೊದಲೇ ಕೇಂದ್ರಕ್ಕೆ ಗೊತ್ತು.

ರಸ್ತೆಯಲ್ಲಿ: 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್. 2018ರ ಏಪ್ರಿಲ್ 1ರಂದು ಇದನ್ನು ರಾಜ್ಯದೊಳಗಿನ ಸಾಗಣೆಗೂ ಜಾರಿ ಮಾಡಿದ ಮೊದಲ ರಾಜ್ಯ ನಮ್ಮದೇ.

ಬಿಲ್ಲಿನಲ್ಲಿ: 2020ರಲ್ಲಿ ಇ-ಇನ್‌ವಾಯ್ಸ್ ಶುರುವಾದದ್ದು 500 ಕೋಟಿಗಿಂತ ಹೆಚ್ಚು ವಹಿವಾಟಿನವರಿಗೆ. 2023ರ ಆಗಸ್ಟ್ 1ರ ಹೊತ್ತಿಗೆ ಮಿತಿ 5 ಕೋಟಿಗೆ ಇಳಿಯಿತು.

ಲಾಭ ಯಾರಿಗೆ, ಹೊರೆ ಯಾರಿಗೆ?

ಲಾಭ ಖಂಡಿತ ಇದೆ. ನಕಲಿ ಬಿಲ್ ಹಾಕುವುದು ಕಷ್ಟವಾಯಿತು, ಚೆಕ್‌ಪೋಸ್ಟ್‌ನಲ್ಲಿ ಲಾರಿ ಕಾಯುವುದು ತಪ್ಪಿತು. ಆದರೆ ದೊಡ್ಡ ಕಂಪನಿಗೆ ಇದು ಒಂದು ವಿಭಾಗದ ಕೆಲಸ. ಸಣ್ಣ ಪ್ರೆಸ್ಸಿಗೆ ಮಾಲೀಕರೇ ಯಂತ್ರವೂ ಓಡಿಸಬೇಕು, ರಿಟರ್ನೂ ತುಂಬಬೇಕು. ಮಾರಿದವರು ಬಿಲ್ ಅಪ್‌ಲೋಡ್ ಮಾಡದಿದ್ದರೆ ಕೊಂಡವರಿಗೆ ತೆರಿಗೆ ಕ್ರೆಡಿಟ್ ಸಿಗಲ್ಲ. ಕಾಂಪೋಸಿಷನ್ ಯೋಜನೆಯಲ್ಲಿರುವ ಪ್ರೆಸ್ ತೆರಿಗೆ ಬಿಲ್ ಕೊಡುವಂತೆಯೇ ಇಲ್ಲ. ಹಾಗಾಗಿ ದೊಡ್ಡ ಗಿರಾಕಿ ದೊಡ್ಡ ಪ್ರೆಸ್ಸಿಗೇ ಹೋಗುತ್ತಾರೆ. ಇದಕ್ಕೆ ಯಾರ ಕೆಟ್ಟ ಉದ್ದೇಶವೂ ಬೇಕಿಲ್ಲ, ವ್ಯವಸ್ಥೆಯ ರಚನೆಯೇ ಹಾಗಿದೆ.

ಇನ್ನೂ ಕೆಳಗೆ ಗುಜರಿ ಅಂಗಡಿ ಇದೆ. ಹಳೆ ಪೇಪರ್, ರಟ್ಟು ಮೊದಲು ಸೇರುವುದು ಅಲ್ಲಿಗೆ. ಅಲ್ಲಿಂದ ಸಗಟು ವ್ಯಾಪಾರಿ, ಆಮೇಲೆ ಕಾರ್ಖಾನೆ. ಲಾರಿ ಲೋಡಿಗೆ ಇ-ವೇ ಬಿಲ್ ಇದೆ. ಆ ಲೋಡನ್ನು ಬೀದಿ ಬೀದಿಯಿಂದ ಆಯ್ದು ತಂದವರ ಹೆಸರು ಎಲ್ಲೂ ಇಲ್ಲ. ಇಡೀ ಸರಪಳಿಯಲ್ಲಿ ಪ್ರತಿ ರೋಲಿಗೂ ನಂಬರ್ ಇದೆ, ಆಯುವ ಮನುಷ್ಯರಿಗೆ ಮಾತ್ರ ಇಲ್ಲ.

ಕೆಳಗಿನವರು ಕಾಣಿಸಿಕೊಳ್ಳುವುದು ನೋಟಿಸ್ ಬಂದಾಗ. 2025ರ ಜುಲೈನಲ್ಲಿ ಯುಪಿಐ ಮಾಹಿತಿ ಆಧರಿಸಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋದದ್ದು ನೆನಪಿರಬಹುದು. ಕ್ಯೂಆರ್ ಕೋಡ್ ತೆಗೆದು 'ನಗದು ಮಾತ್ರ' ಎಂಬ ಬೋರ್ಡ್ ಹಾಕಿದವರೂ ಇದ್ದರು. ಡೇಟಾ ವಸೂಲಿಗಷ್ಟೇ ಬಳಕೆಯಾದರೆ ಜನ ಡಿಜಿಟಲ್‌ನಿಂದ ಹೊರಗೆ ಓಡುತ್ತಾರೆ.

ನಾವು ಕೇಳಬೇಕಾದ್ದೇನು?

2016ರ ಘನತ್ಯಾಜ್ಯ ನಿಯಮಗಳೇ ತ್ಯಾಜ್ಯ ಆಯುವವರನ್ನು ಗುರುತಿಸಿ ವ್ಯವಸ್ಥೆಗೆ ಸೇರಿಸಿಕೊಳ್ಳಬೇಕು ಎಂದು ಸ್ಥಳೀಯ ಸಂಸ್ಥೆಗಳಿಗೆ ಹೇಳಿದ್ದವು. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಾಗದ, ಗಾಜು, ಲೋಹದ ಪ್ಯಾಕಿಂಗ್‌ಗೂ ಉತ್ಪಾದಕರನ್ನೇ ಹೊಣೆ ಮಾಡುವ ಕರಡು ನಿಯಮ ಪ್ರಕಟಿಸಿತು. ಅದರ ದಾರಿ ಹೀಗೆ: ಮರುಬಳಕೆ ಮಾಡಿದ್ದಕ್ಕೆ ಪೋರ್ಟಲಿನಲ್ಲಿ ಪ್ರಮಾಣಪತ್ರ, ಆ ಪ್ರಮಾಣಪತ್ರಕ್ಕೆ ಬೆಲೆ. ಅದು ಸಿಗುವುದು ನೋಂದಾಯಿತ ಮರುಬಳಕೆದಾರರಿಗೆ. ರಟ್ಟು ಆಯ್ದವರಿಗೆ ಆ ಹಣದಲ್ಲಿ ಪಾಲಿದೆಯಾ?

ಮಂಗಳೂರು ಮಹಾನಗರ ಪಾಲಿಕೆಯನ್ನು ನಿಮ್ಮ ವಾರ್ಡಿನಲ್ಲೇ ಮೂರು ಪ್ರಶ್ನೆ ಕೇಳಬಹುದು. ಎಷ್ಟು ಜನ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿದ್ದೀರಿ? ಒಣಕಸದ ಗುತ್ತಿಗೆಯಲ್ಲಿ ಅವರಿಗೆ ಜಾಗ ಇದೆಯಾ? ಪಾಲಿಕೆಯ ಮುದ್ರಣ ಟೆಂಡರಿನ ಷರತ್ತುಗಳು ಊರಿನ ಸಣ್ಣ ಪ್ರೆಸ್‌ಗಳೂ ಭಾಗವಹಿಸುವಂತೆ ಇವೆಯಾ? ಉತ್ತರ ಬಾಯಿಮಾತಲ್ಲಿ ಬಂದರೆ ಒಪ್ಪಬೇಡಿ. ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಕಾಗದದ ಮೇಲೇ ತೆಗೆದುಕೊಳ್ಳಿ.